ಅಲ್ಯೂಮಿನಿಯಂ ಉರಿಯುತ್ತಾ? ಎಸಿಪಿ ಹಾಕಿಸುವ ಮುಂಚೆ ಕೇಳಬೇಕಾದ್ದು

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಮೂರು ಮಹಡಿ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಮನೆ. ಮುಂಭಾಗಕ್ಕೆ ಪೂರ್ತಿ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್, ಗೋಡೆಯ ಹೊರಗೆ ಹೊದಿಸುವ ಶೀಟು) ಹಾಕಿಸೋಣ ಅಂತಿದ್ದೇವೆ. ಬೆಂಕಿ ಬಿದ್ದರೆ ಕಷ್ಟ ಅಂತ ನಮ್ಮ ಭಾವ ಹೇಳ್ತಾರೆ. ಕಂಟ್ರಾಕ್ಟರು ಮಾತ್ರ, "ಅಲ್ಯೂಮಿನಿಯಂ ಎಲ್ಲಾದ್ರೂ ಉರಿಯುತ್ತಾ ಸಾರ್?" ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಭಾವನವರ ಮಾತು ಕೇಳಿ. ಕಂಟ್ರಾಕ್ಟರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ ಅಷ್ಟೆ.

ಶೀಟ್ ಕತ್ತರಿಸಿದ ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ. 4 ಮಿ.ಮೀ. ಶೀಟಿನಲ್ಲಿ ಒಳ್ಳೆ ಮಾಲಾದರೆ ಎರಡೂ ಬದಿಯ ಅಲ್ಯೂಮಿನಿಯಂ ಅರ್ಧರ್ಧ ಮಿ.ಮೀ. ಇರುತ್ತದೆ. ಅಗ್ಗದ್ದರಲ್ಲಿ ಕಾಲು ಮಿ.ಮೀ., ಅದಕ್ಕೂ ಕಮ್ಮಿ. ನಡುವೆ ದಪ್ಪಗೆ ಕಾಣುವುದೆಲ್ಲ ತಿರುಳು. ಸಾದಾ ಶೀಟಿನಲ್ಲಿ ಅದು ಪಾಲಿಥಿನ್, ಅಂಗಡಿಯ ಪ್ಲಾಸ್ಟಿಕ್ ಕವರ್ ಮಾಡುವ ಅದೇ ವಸ್ತು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು. ಪಾಲಿಥಿನ್ ಅದಕ್ಕೆ ಎಷ್ಟೋ ಮುಂಚೆಯೇ ಕರಗಿ ತೊಟ್ಟಿಕ್ಕುತ್ತದೆ. ಹತ್ತಿಕೊಂಡರೆ ಕೆ.ಜಿ. ಲೆಕ್ಕದಲ್ಲಿ ಹೆಚ್ಚುಕಮ್ಮಿ ಪೆಟ್ರೋಲಿನಷ್ಟೇ ಶಾಖ.

ಜೊತೆಗೆ ಗೋಡೆಗೂ ಶೀಟಿಗೂ ನಡುವೆ ಫ್ರೇಮ್ ಕೂರಿಸಿದ ಜಾಗ ಖಾಲಿ ಇರುತ್ತದೆ. ಬಿಸಿ ಗಾಳಿ ಅಲ್ಲಿಂದ ಮೇಲಕ್ಕೆ ಏರುತ್ತದೆ, ಬೆಂಕಿಯೂ ಅದರ ಹಿಂದೆಯೇ ಹತ್ತುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಆಗಿದ್ದು ಇದೇ. ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಶುರುವಾದ ಬೆಂಕಿ ಹೊರಗಿನ ಪಾಲಿಥಿನ್ ತಿರುಳಿನ ಶೀಟಿಗೆ ಹತ್ತಿತು. ಆಮೇಲೆ ಅರ್ಧ ಗಂಟೆಯೊಳಗೆ 24 ಮಹಡಿಯ ತುದಿ ಮುಟ್ಟಿತು. 72 ಜನ ಸತ್ತರು.

ನಿಮ್ಮದು ಮೂರೇ ಮಹಡಿ, ಹೆದರಿ ಕೈಬಿಡಬೇಕಿಲ್ಲ. ಆದರೆ ಮೇಲೆ ಮನೆಯವರು ಮಲಗುತ್ತಾರಲ್ವಾ? ಎಫ್‌ಆರ್ (ಫೈರ್ ರಿಟಾರ್ಡೆಂಟ್, ಅಂದರೆ ಬೆಂಕಿ ಹರಡುವುದನ್ನು ತಗ್ಗಿಸುವ) ಶೀಟನ್ನೇ ಕೇಳಿ. ಅದರ ತಿರುಳಿನಲ್ಲಿ ಖನಿಜದ ಪುಡಿ ಜಾಸ್ತಿ, ಪ್ಲಾಸ್ಟಿಕ್ ಕಮ್ಮಿ. ಕಾದಾಗ ಆ ಪುಡಿ ನೀರಿನ ಆವಿ ಬಿಟ್ಟು ಉರಿಯನ್ನು ತಗ್ಗಿಸುತ್ತದೆ. ಹಾಗಂತ ಎಫ್‌ಆರ್ ಸುಡುವುದೇ ಇಲ್ಲ ಅಂತಲ್ಲ, ನಿಧಾನವಾಗಿ ಹತ್ತುತ್ತದೆ. ಎ2 ದರ್ಜೆಯದು ಬೆಂಕಿ ತಡೆಯುವುದರಲ್ಲಿ ಇನ್ನೂ ಗಟ್ಟಿ, ಬೆಲೆಯೂ ಹಾಗೇ ಏರುತ್ತದೆ.

ಕಂಟ್ರಾಕ್ಟರ ಬಾಯಿಮಾತು ಸಾಲದು. ಪರೀಕ್ಷೆಯ ವರದಿ ಕೇಳಿ, ಬಿಲ್ಲಿನಲ್ಲಿ ಎಫ್‌ಆರ್ ಅಂತ ಬರೆಸಿಕೊಳ್ಳಿ. ಇನ್ನೊಂದು ಉಪಾಯ: ಒಂದು ಚೂರಿನ ಅಲ್ಯೂಮಿನಿಯಂ ಸುಲಿಸಿ, ತಿರುಳನ್ನು ಇಕ್ಕಳದಲ್ಲಿ ಹಿಡಿದು, ಬಯಲಲ್ಲಿ ಲೈಟರ್ ತಾಗಿಸಿ. ಸಾದಾ ತಿರುಳು ಮೇಣದಂತೆ ಕರಗಿ, ಉರಿಯುವ ಹನಿ ಬೀಳಿಸುತ್ತದೆ. ಲೈಟರ್ ತೆಗೆದರೂ ಆರುವುದಿಲ್ಲ. ಇದು ವರದಿಗೆ ಬದಲಿಯಲ್ಲ, ಆದರೆ ದೊಡ್ಡ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ತಿರುಳಿನ ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ.

ನನಗೆ ಬೆಂಕಿಗಿಂತ ಸಿಟ್ಟು ಬರುವುದು ಇನ್ನೊಂದಕ್ಕೆ. ಎಲಿವೇಷನ್ ಚೆಂದ ಕಾಣಲಿ ಅಂತ ಕಿಟಕಿಗಳನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ. ಬೆಂಕಿ ಬಿದ್ದರೆ ಹೊಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು 9 ಜನ ಸತ್ತರು. ಅಲ್ಲಿ ತೊಂದರೆ ಎಸಿಪಿಯದಲ್ಲ, ಮೇಲಿನ ಮಹಡಿಗಳಿಗೆ ತುಂಬಿಕೊಂಡ ಹೊಗೆಯದು. ನಿಮ್ಮ ಮನೆಯ ಕಿಟಕಿ ಮತ್ತು ಮೆಟ್ಟಿಲ ಕಡೆಯ ತೆರಪು ಹಾಗೇ ಇರಲಿ.

ಅಂಗಡಿ ಬೋರ್ಡ್ ವಿಷಯ. 60 ಪರ್ಸೆಂಟ್ ಕನ್ನಡದ ನಿಯಮ ಬಂದ ಮೇಲೆ ಊರಿನಲ್ಲಿ ಎಷ್ಟೋ ಬೋರ್ಡ್ ಹೊಸದಾದವು, ಎಸಿಪಿ ಮೇಲೆ ಎಲ್‌ಇಡಿ ಅಕ್ಷರದವೇ ಜಾಸ್ತಿ. ಅದರ ಪವರ್ ಸಪ್ಲೈ ಡಬ್ಬಿಯನ್ನು ಶೀಟಿನ ಹಿಂದೆ ತುರುಕುವುದು ರೂಢಿ. ಮಳೆ ನೀರು ಇಳಿದರೆ ಕಿಡಿ ಹುಟ್ಟುವುದೇ ಅಲ್ಲಿ. ಆ ಡಬ್ಬಿ ಅಂಗಡಿ ಒಳಗೆ ಗೋಡೆ ಮೇಲಿರಲಿ, ಅದಕ್ಕೆ ಬೇರೆಯೇ ಎಂಸಿಬಿ (ಶಾರ್ಟ್ ಆದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿ, ರಾತ್ರಿ ಬಾಗಿಲು ಹಾಕುವಾಗ ಆಫ್ ಮಾಡಿ ಹೋಗಿ.