ಕರೆಂಟ್ ತಂತಿಯಲ್ಲಿ ಇಂಟರ್ನೆಟ್: ಕಂಬ ಒಂದೇ, ಕಾನೂನು ಮೂರು

ಮಂಗಳೂರು, ಉಡುಪಿ ಕಡೆ ವಿದ್ಯುತ್ ಕಂಬಗಳಿಗೆ ಸುತ್ತಿಕೊಂಡಿರುವ ಕೇಬಲ್‌ಗಳನ್ನು ತೆರವು ಮಾಡುವ ಮಾತು ಬಂದಾಗಲೆಲ್ಲ ಹಳೆಯ ಪ್ರಶ್ನೆಯೊಂದು ಮತ್ತೆ ತಲೆ ಎತ್ತುತ್ತದೆ. ಒಂದೇ ಕಂಬಕ್ಕೆ ನಾಲ್ಕಾರು ಕಂಪನಿಗಳ ಕೇಬಲ್ ಕಟ್ಟುವ ಬದಲು, ಮನೆಮನೆಗೆ ಈಗಾಗಲೇ ತಲುಪಿರುವ ಕರೆಂಟ್ ತಂತಿಯಲ್ಲೇ ಇಂಟರ್ನೆಟ್ ಕಳಿಸಬಾರದೇಕೆ? 2020–21ರಲ್ಲಿ ಸುಳ್ಯ, ಬೆಳ್ತಂಗಡಿ, ಹೆಬ್ರಿ ಕಡೆಯ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಬೇಕಾಗಿ ಬಂದಾಗ ಈ ಪ್ರಶ್ನೆ ಇನ್ನಷ್ಟು ಸಹಜವಾಗಿತ್ತು, ಏಕೆಂದರೆ ಆ ಮನೆಗಳಿಗೆ ಸಿಗ್ನಲ್ ಬರದಿದ್ದರೂ ಕರೆಂಟ್ ಬಂದಿತ್ತು. ಉತ್ತರದ ಅರ್ಧ ಭಾಗ ಭೌತವಿಜ್ಞಾನದಲ್ಲಿದೆ. ಉಳಿದರ್ಧ ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿ ಹಂಚಿಹೋಗಿದೆ.

ವಿದ್ಯುತ್ ತಂತಿಯ ಮೇಲೆ ಸಂಕೇತ ಕಳಿಸುವುದು ಹೊಸದೇನಲ್ಲ. 1920ರ ದಶಕದಿಂದಲೂ ವಿದ್ಯುತ್ ಸಂಸ್ಥೆಗಳು ಹೈಟೆನ್ಷನ್ ಲೈನಿನ ಮೂಲಕವೇ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಮಾತಾಡಿಕೊಂಡು ಬಂದಿವೆ. ದೊಡ್ಡ ರಿಸೀವಿಂಗ್ ಸ್ಟೇಷನ್‌ಗಳಲ್ಲಿ ಲೈನು ಒಳಬರುವ ಜಾಗದಲ್ಲಿ ಕಾಣುವ ಡ್ರಮ್ ಆಕಾರದ ಸುರುಳಿ, ಅಂದರೆ ವೇವ್ ಟ್ರ್ಯಾಪ್, ಆ ಸಂಕೇತ ಸ್ಟೇಷನ್ನಿನ ಉಪಕರಣಗಳ ಕಡೆಗೆ ಸೋರಿಹೋಗದಂತೆ ತಡೆಯುವುದಕ್ಕೇ ಇದೆ. ಆದರೆ ಅಲ್ಲಿ ಬಳಕೆಯಾಗುವುದು ಕೆಲವು ನೂರು ಕಿಲೋಹರ್ಟ್ಸ್‌ವರೆಗಿನ ಆವರ್ತನ. ಸಾಗುವ ಮಾಹಿತಿಯೂ ಅಲ್ಪವೇ. ಬ್ರಾಡ್‌ಬ್ಯಾಂಡಿನ ವೇಗ ಬೇಕೆಂದರೆ ಹಲವು ಮೆಗಾಹರ್ಟ್ಸ್‌ಗೆ ಏರಬೇಕು, ಮತ್ತು ಆ ಆವರ್ತನ ಪಟ್ಟಿಯಲ್ಲಿ ಕಿರುತರಂಗ ಬಾನುಲಿ, ಹವ್ಯಾಸಿಗಳ ಹ್ಯಾಮ್ ರೇಡಿಯೊ, ಹಡಗು, ವಿಮಾನ ಎಲ್ಲವೂ ಮೊದಲೇ ನೆಲೆಸಿವೆ. ಟೆಲಿಫೋನ್ ಜೋಡಿತಂತಿಯಂತೆ ಒಂದಕ್ಕೊಂದು ಹೆಣೆದುಕೊಳ್ಳದೆ, ಕವಚವೂ ಇಲ್ಲದೆ ಕಂಬದಿಂದ ಕಂಬಕ್ಕೆ ಹೋಗುವ ಬರಿತಂತಿ ಆ ಆವರ್ತನದಲ್ಲಿ ಆಂಟೆನಾ ಆಗಿಬಿಡುತ್ತದೆ.

ಕಾನೂನಂತೂ ವಿದ್ಯುತ್ ತಂತಿಯನ್ನು ಸಂಪರ್ಕ ವ್ಯವಸ್ಥೆಗೆ ತೊಂದರೆ ಕೊಡುವ ನೆರೆಯವನೆಂದೇ ಕಂಡಿದೆ. ಇಂಜಿನಿಯರುಗಳು ಪಿಟಿಸಿಸಿ ಎಂದು ಕರೆಯುವ ವಿದ್ಯುತ್ ಮತ್ತು ದೂರಸಂಪರ್ಕ ಸಮನ್ವಯ ಸಮಿತಿ 1949ರಲ್ಲಿ ರಚನೆಯಾದದ್ದು, ಹೊಸ ಹೈಟೆನ್ಷನ್ ಲೈನುಗಳು ಸಮಾನಾಂತರವಾಗಿ ಸಾಗುವ ಟೆಲಿಫೋನ್ ಲೈನುಗಳಲ್ಲಿ ಅಪಾಯದ ವೋಲ್ಟೇಜ್ ಹುಟ್ಟಿಸದಂತೆ ನೋಡಿಕೊಳ್ಳಲು. 2003ರ ವಿದ್ಯುಚ್ಛಕ್ತಿ ಕಾಯಿದೆಯ 160ನೇ ಸೆಕ್ಷನ್ ಹೇಳುವುದೂ ಅದನ್ನೇ: ತಂತಿ ಎಳೆಯುವಾಗ ತಾರು, ಟೆಲಿಫೋನ್ ಲೈನುಗಳಿಗೆ ಬಾಧಕವಾಗದಂತೆ ಎಚ್ಚರ ವಹಿಸಬೇಕು. ಇಂಥ ನೆರೆಯವನನ್ನೇ ಸಂಪರ್ಕದ ವಾಹಕನನ್ನಾಗಿ ಮಾಡುವ ಯೋಚನೆಗೆ ಯಾವ ಕಾನೂನೂ ಸಿದ್ಧವಾಗಿರಲಿಲ್ಲ.

1997ರಲ್ಲಿ ಬ್ರಿಟನ್ನಿನ ವಿದ್ಯುತ್ ಕಂಪನಿ ನಾರ್ವೆಬ್ ಮತ್ತು ಕೆನಡಾದ ದೂರಸಂಪರ್ಕ ಉಪಕರಣಗಳ ಕಂಪನಿ ನಾರ್ಟೆಲ್ ಸೇರಿ ಮ್ಯಾಂಚೆಸ್ಟರ್‌ನಲ್ಲಿ ಕರೆಂಟ್ ತಂತಿಯಲ್ಲಿ ಇಂಟರ್ನೆಟ್ ಕಳಿಸಿ ನಡೆಸಿದ ಪ್ರಯೋಗ ದೊಡ್ಡ ಸುದ್ದಿಯಾಯಿತು. ಬೀದಿದೀಪದ ಕಂಬಗಳೇ ಸಂಕೇತವನ್ನು ಸುತ್ತ ಹರಡುತ್ತಿವೆ ಎಂಬ ಆಕ್ಷೇಪದ ನಡುವೆ 1999ರಲ್ಲಿ ನಿಂತೂ ಹೋಯಿತು. ಜರ್ಮನಿಯಲ್ಲಿ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ 2001ರಲ್ಲಿ ಸೇವೆ ಆರಂಭಿಸಿ ಮರುವರ್ಷವೇ ಕೈಬಿಟ್ಟಿತು.

ನಿಯಮದ ನಿಜವಾದ ಕಥೆ ಶುರುವಾಗುವುದು ಅಮೆರಿಕದಲ್ಲಿ, 2003ರಲ್ಲಿ. ಅಲ್ಲಿನ ಮನೆಗಳಿಗೆ ಟೆಲಿಫೋನ್ ತಂತಿಯಲ್ಲೇ ಬರುವ ಟೆಲಿಫೋನ್ ಕಂಪನಿಯ ಡಿಎಸ್‌ಎಲ್, ಕೇಬಲ್ ಕಂಪನಿಯ ಮೋಡೆಮ್ ಎಂಬ ಎರಡೇ ದಾರಿ ಇದ್ದಾಗ, ಮೂರನೆಯ ತಂತಿ ಬಂದರೆ ಪೈಪೋಟಿ ಹೆಚ್ಚಿ ದರ ಇಳಿಯುತ್ತದೆ ಎಂಬ ಆಸೆ ಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿಗೆ ಇತ್ತು. ಆಸೆ ತಪ್ಪೇನಲ್ಲ. 2004ರ ಅಕ್ಟೋಬರ್ 14ರಂದು ಅದು ನಿಯಮಗಳನ್ನು ಅಂಗೀಕರಿಸಿತು. 1.7ರಿಂದ 80 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು, ಆದರೆ ಲೈಸೆನ್ಸ್ ಉಳ್ಳವರಿಗೆ ಅಡಚಣೆ ಮಾಡುವಂತಿಲ್ಲ. ದೂರು ಬಂದರೆ ಆ ಆವರ್ತನವನ್ನಷ್ಟೇ ಕತ್ತರಿಸಿ ಬಿಡುವ ಸೌಲಭ್ಯ ಉಪಕರಣದಲ್ಲಿರಬೇಕು, ದೂರದಿಂದಲೇ ಆರಿಸಲು ಬರಬೇಕು. ಎಲ್ಲೆಲ್ಲಿ ಅಳವಡಿಸಲಾಗಿದೆ ಎಂಬುದು ಸಾರ್ವಜನಿಕ ದತ್ತಾಂಶದಲ್ಲಿರಬೇಕು. ಕಾಗದದ ಮೇಲೆ ಇದಕ್ಕಿಂತ ಸಮತೂಕದ ನಿಯಮ ಬರೆಯುವುದು ಕಷ್ಟ.

ಜಗಳ ಇದ್ದದ್ದು ಅಳತೆಯಲ್ಲಿ. 30 ಮೆಗಾಹರ್ಟ್ಸ್‌ಗಿಂತ ಕೆಳಗೆ, 30 ಮೀಟರ್ ದೂರದಲ್ಲಿ ವಿಕಿರಣ ಮೀಟರಿಗೆ 30 ಮೈಕ್ರೋವೋಲ್ಟ್ ಮೀರಬಾರದು ಎಂಬುದು ಮಿತಿ. ಬೀದಿಯಲ್ಲಿ ಅಷ್ಟು ದೂರ ನಿಂತು ಅಳೆಯುವುದು ಕಷ್ಟವಾದ್ದರಿಂದ ಹತ್ತಿರದಲ್ಲಿ ಅಳೆದು, ದೂರಕ್ಕೆ ಲೆಕ್ಕ ಹಾಕಬೇಕು. ದೂರ ಹತ್ತು ಪಟ್ಟಾದಾಗ ಕ್ಷೇತ್ರದ ಬಲ 40 ಡೆಸಿಬಲ್, ಅಂದರೆ ನೂರು ಪಟ್ಟು ಕುಗ್ಗುತ್ತದೆ ಎಂದು ಎಫ್‌ಸಿಸಿ ಹಿಡಿಯಿತು. ಉದ್ದದ ತಂತಿಯ ಸುತ್ತ ಅಷ್ಟು ಬೇಗ ಕುಗ್ಗುವುದಿಲ್ಲ, 20 ಡೆಸಿಬಲ್, ಅಂದರೆ ಹತ್ತು ಪಟ್ಟಿನ ಆಸುಪಾಸಿನ ಲೆಕ್ಕ ಹಿಡಿಯಬೇಕು ಎಂದು ಹ್ಯಾಮ್ ರೇಡಿಯೊದವರ ಸಂಘಟನೆ ಎಆರ್‌ಆರ್‌ಎಲ್ ವಾದಿಸಿತು. ಕೇಳಲು ಕೂದಲು ಸೀಳುವ ಚರ್ಚೆ. ಆದರೆ ಮೂರು ಮೀಟರ್ ದೂರದಲ್ಲಿ ನಿಂತು ಅಳೆದಾಗ ಮೊದಲ ಲೆಕ್ಕದಲ್ಲಿ 3,000 ಮೈಕ್ರೋವೋಲ್ಟ್‌ವರೆಗೆ ಪಾಸು, ಎರಡನೆಯ ಲೆಕ್ಕದಲ್ಲಿ 300 ದಾಟಿದರೇ ಫೇಲು. ಹತ್ತು ಪಟ್ಟು ವ್ಯತ್ಯಾಸ ಒಂದು ಅಂಕಿಯಲ್ಲಿ ಅಡಗಿತ್ತು.

ಆ ಅಂಕಿಗೆ ಆಧಾರವೇನೆಂದು ಕೇಳಿದಾಗ ಎಫ್‌ಸಿಸಿ ಸಿಬ್ಬಂದಿಯ ಅಧ್ಯಯನಗಳು ಹೊರಬಂದವು, ಆದರೆ ಕೆಲವು ಭಾಗಗಳನ್ನು ಮುಚ್ಚಿ. 2008ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ಎರಡು ಅಂಶಗಳನ್ನು ಹಿಡಿದುಕೊಂಡಿತು: ನಿಯಮಕ್ಕೆ ಆಧಾರವಾದ ಅಧ್ಯಯನವನ್ನು ಆಯ್ದು ಮುಚ್ಚಿಡುವಂತಿಲ್ಲ, 40 ಡೆಸಿಬಲ್ ಏಕೆ ಎಂಬುದಕ್ಕೆ ಸಮಂಜಸ ವಿವರಣೆ ಕೊಡಬೇಕು. ನಿಯಮವನ್ನು ಪೂರ್ತಿ ರದ್ದು ಮಾಡದೆ ಆ ಭಾಗವನ್ನು ಮರುಪರಿಶೀಲನೆಗೆ ಕಳಿಸಿತು. ಅಧ್ಯಯನಗಳು ಪೂರ್ತಿಯಾಗಿ ಬಹಿರಂಗವಾದ ಮೇಲೆ, 2011ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ 40 ಡೆಸಿಬಲ್ಲನ್ನೇ ಉಳಿಸಿಕೊಂಡು, ಆವರ್ತನ ಕತ್ತರಿಸುವ ಆಳವನ್ನು 20ರಿಂದ 25 ಡೆಸಿಬಲ್‌ಗೆ ಏರಿಸಿತು. ಯಾರ ಲೆಕ್ಕ ಸರಿ ಎಂಬುದು ಹಾಗಿರಲಿ. ಮೊದಲ ದಿನವೇ ಎಲ್ಲ ಪುಟಗಳನ್ನೂ ಮೇಜಿನ ಮೇಲಿಟ್ಟಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ ಎಂದು ಅನಿಸದೆ ಇರದು.

ಅಷ್ಟರಲ್ಲಿ ನಿಯಮ ಇತ್ತು, ಉದ್ಯಮ ಇರಲಿಲ್ಲ. ಇಡೀ ಊರಿಗೆ ಈ ಸೇವೆ ಕೊಟ್ಟ ಮೊದಲ ನಗರವೆಂದು 2005ರಲ್ಲಿ ಹೆಸರು ಮಾಡಿದ ವರ್ಜೀನಿಯಾದ ಮನಾಸಸ್, ಗ್ರಾಹಕರು ಕೆಲವೇ ನೂರು ಮಂದಿಗೆ ನಿಂತಾಗ 2010ರಲ್ಲಿ ಅದನ್ನು ಮುಚ್ಚಿತು. ಡಲ್ಲಾಸ್‌ನಲ್ಲಿ ಬ್ರಾಡ್‌ಬ್ಯಾಂಡಿಗೆಂದು ಕಟ್ಟಿದ ಜಾಲವನ್ನು 2008ರಲ್ಲಿ ವಿದ್ಯುತ್ ಕಂಪನಿ ಆಂಕರ್ 9 ಕೋಟಿ ಡಾಲರಿಗೆ ಕೊಂಡಿತು, ಆದರೆ ಇಂಟರ್ನೆಟ್ ಮಾರುವುದಕ್ಕಲ್ಲ, ತನ್ನದೇ ಲೈನಿನ ಮೇಲೆ ಕಣ್ಣಿಡುವುದಕ್ಕೆ. ಅಧಿಕ ಆವರ್ತನದ ಸಂಕೇತ ಟ್ರಾನ್ಸ್‌ಫಾರ್ಮರ್ ದಾಟುವುದಿಲ್ಲ, ಅದನ್ನು ಸುತ್ತುಹಾಕಿ ಹೋಗಲು ಪ್ರತ್ಯೇಕ ಉಪಕರಣ ಬೇಕು. ಅಮೆರಿಕದಲ್ಲಿ ಒಂದು ಟ್ರಾನ್ಸ್‌ಫಾರ್ಮರಿಗೆ ಹತ್ತು ಮನೆ ಸಿಕ್ಕಿದರೆ ಹೆಚ್ಚು. ಲೆಕ್ಕ ಕೂಡಿಬರಲಿಲ್ಲ.

ನಮ್ಮಲ್ಲಿ ಒಂದು ಟ್ರಾನ್ಸ್‌ಫಾರ್ಮರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಮನೆಗಳಿರುವುದರಿಂದ ಆ ಲೆಕ್ಕ ಇಲ್ಲಿ ಅನುಕೂಲವಾಗಿಯೇ ಇತ್ತು. ಅಡ್ಡಿಯಾಗುವುದು ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಬರುವ ಎಲ್‌ಟಿ ಲೈನಿನ ಸ್ಥಿತಿ. ಅಡಿಕೆ ತೋಟದ ನಡುವೆ ಹಾದು, ಮಳೆಗಾಲದಲ್ಲಿ ಕೊಂಬೆ ಬಿದ್ದಾಗಲೆಲ್ಲ ತುಂಡಾಗಿ, ಲೈನ್‌ಮನ್ ಮತ್ತೆ ಕಟ್ಟಿದ ಗಂಟುಗಳು. ಕಡಲಿನ ಉಪ್ಪುಗಾಳಿಗೆ ಹಸಿರುಗಟ್ಟಿದ ಜೋಡಣೆಗಳು. ಪಂಪ್‌ಸೆಟ್ ಚಾಲೂ ಆದೊಡನೆ ತಂತಿಯ ತುಂಬ ಏಳುವ ಗದ್ದಲ. 50 ಹರ್ಟ್ಸ್ ಕರೆಂಟ್ ಇವನ್ನೆಲ್ಲ ಲೆಕ್ಕಿಸದೆ ಹರಿಯುತ್ತದೆ, ಮೆಗಾಹರ್ಟ್ಸ್ ಸಂಕೇತ ಪ್ರತಿ ಗಂಟಿನಲ್ಲೂ ಒಂದಿಷ್ಟು ಸವೆಯುತ್ತದೆ. ಕರಾವಳಿಗೆ ಇನ್ನೊಂದು ಪ್ರಶ್ನೆಯೂ ಇದೆ. ಹಡಗುಗಳ ತುರ್ತು ಕರೆಗೆ ಮೀಸಲಾದ 2182 ಕಿಲೋಹರ್ಟ್ಸ್ ಇದೇ ಪಟ್ಟಿಯೊಳಗೆ ಬರುತ್ತದೆ. ಅದಕ್ಕಾಗಿ ಅಮೆರಿಕದ ನಿಯಮವು ಕರಾವಳಿ ರೇಡಿಯೊ ಕೇಂದ್ರಗಳ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಆ ಆವರ್ತನವನ್ನು ಬಳಸದಂತೆ ನಿಷೇಧಿಸಿತು. ಪಣಂಬೂರಿನ ಬಂದರು, ಕೋಸ್ಟ್ ಗಾರ್ಡ್, ಮಲ್ಪೆಯ ಸಾವಿರಾರು ದೋಣಿಗಳಿರುವ ಈ ತೀರಕ್ಕೆ ಅಂಥ ಷರತ್ತು ಅತ್ಯಗತ್ಯವಾಗುತ್ತಿತ್ತು.

ಷರತ್ತು ಹಾಕುವವರು ಯಾರು ಎಂಬಲ್ಲಿಗೆ ಭಾರತದ ಗೋಜಲು ಆರಂಭವಾಗುತ್ತದೆ. ಎಫ್‌ಸಿಸಿ ನಿಯಮ ಅಂಗೀಕರಿಸಿದ ಅದೇ ದಿನ, 2004ರ ಅಕ್ಟೋಬರ್ 14ರಂದು, ನಮ್ಮ ಮೊದಲ ಬ್ರಾಡ್‌ಬ್ಯಾಂಡ್ ನೀತಿಯೂ ಹೊರಬಂತು. ಆಪ್ಟಿಕಲ್ ಫೈಬರ್, ಟೆಲಿಫೋನಿನ ತಾಮ್ರದ ತಂತಿ, ಕೇಬಲ್ ಟಿವಿ, ಉಪಗ್ರಹ, ನಿಸ್ತಂತು, ಹೀಗೆ ಒಂದೊಂದನ್ನೂ ಹೆಸರಿಸಿದ ಆ ನೀತಿಯಲ್ಲಿ ವಿದ್ಯುತ್ ತಂತಿಗೆ ಪ್ರತ್ಯೇಕ ಸ್ಥಾನ ಸಿಗಲಿಲ್ಲ. 2010ಕ್ಕೆ ಎರಡು ಕೋಟಿ ಸಂಪರ್ಕದ ಗುರಿ ಇಟ್ಟುಕೊಂಡು, ಅದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ತಲುಪಲಾಯಿತು. ಆಗ ಇಂಟರ್ನೆಟ್ ಮಾರಲು 1885ರ ಟೆಲಿಗ್ರಾಫ್ ಕಾಯಿದೆಯಡಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕಿತ್ತು. ರೇಡಿಯೊ ತರಂಗದ ವಿಷಯ 1933ರ ವೈರ್‌ಲೆಸ್ ಕಾಯಿದೆಗೆ ಸೇರಿತ್ತು. ತಂತಿಯಲ್ಲಿ ಹೊರಟು ಗಾಳಿಗೆ ಸೋರುವ ಸಂಕೇತವನ್ನು ಅದರೊಳಗೆ ಸೇರಿಸಬೇಕೇ ಬೇಡವೇ ಎಂಬುದೇ ವಾದಕ್ಕೆ ಎಡೆಯಾಗಿತ್ತು. ಕಂಬ ಮತ್ತು ತಂತಿ ಮಾತ್ರ 2003ರ ವಿದ್ಯುಚ್ಛಕ್ತಿ ಕಾಯಿದೆಯಡಿ, ನಮ್ಮಲ್ಲಿ ವಿತರಣಾ ಕಂಪನಿ ಮೆಸ್ಕಾಂನ ಕೈಯಲ್ಲಿ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಣ್ಗಾವಲಿನಲ್ಲಿ. ಮೂರೂ ಕಡೆಯಿಂದ ಹೂಂ ಎನಿಸಿಕೊಳ್ಳುವ ಉಸಾಬರಿ ಯಾವ ಹೂಡಿಕೆದಾರನಿಗೆ ಬೇಕು? ಯಾರೂ ಬೇಡ ಎನ್ನಲಿಲ್ಲ. ಬೇಕು ಎನ್ನುವುದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ.

ಮನಸ್ಸು ಮಾಡಿದರೆ ಒಂದು ಅಧಿಸೂಚನೆ ಸಾಕಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರವಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರ ಜನವರಿಯಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಲಾಯಿತು. ಇಂದು ಮನೆಮನೆಯ ವೈಫೈ ನಿಂತಿರುವುದು ಅದರ ಮೇಲೆ.

ಹಾಗೆಂದು ತಂತ್ರಜ್ಞಾನ ಸತ್ತಿಲ್ಲ, ಮನೆಯೊಳಗೆ ಸೇರಿಕೊಂಡಿದೆ. 2010ರಲ್ಲಿ ವಿದ್ಯುತ್ ತಂತಿಯ ಬ್ರಾಡ್‌ಬ್ಯಾಂಡಿಗೆಂದು ಐಇಇಇ 1901 ಎಂಬ ಮಾನಕ ಅನುಮೋದನೆಯಾಯಿತು. ಸಾಕೆಟ್ಟಿಗೆ ಸಿಕ್ಕಿಸುವ ಜೋಡಿ ಅಡಾಪ್ಟರುಗಳು ಸಿಗುತ್ತವೆ. ಕೆಂಪುಕಲ್ಲಿನ ದಪ್ಪ ಗೋಡೆ ದಾಟದೆ ವೈಫೈ ಚಾವಡಿಯಲ್ಲೇ ನಿಂತುಬಿಡುವ ಹಳೆಯ ಮನೆಗಳಲ್ಲಿ ಇವು ಉಪಯೋಗಕ್ಕೆ ಬರುತ್ತವೆ, ಎರಡೂ ಸಾಕೆಟ್ ಒಂದೇ ಫೇಸಿನಲ್ಲಿದ್ದರೆ. ಒಂದು ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ಮೇನ್ಸ್‌ನಲ್ಲಿ ಇದ್ದರೆ ಸಂಕೇತ ದಾಟುವ ಭರವಸೆ ಕಡಿಮೆ.

ಇನ್ನೊಂದು ರೂಪ ಮೀಟರಿನಲ್ಲಿದೆ. ಇಟಲಿಯ ವಿದ್ಯುತ್ ಕಂಪನಿ ಎನೆಲ್ 2000ರ ದಶಕದಲ್ಲಿ ಸುಮಾರು ಮೂರು ಕೋಟಿ ಮೀಟರುಗಳನ್ನು ವಿದ್ಯುತ್ ತಂತಿಯ ಮೂಲಕವೇ ಓದುವ ವ್ಯವಸ್ಥೆ ಮಾಡಿತು. ಯುರೋಪಿನಲ್ಲಿ ಇದಕ್ಕೆಂದು 148.5 ಕಿಲೋಹರ್ಟ್ಸ್‌ವರೆಗಿನ ಪಟ್ಟಿ ಮೀಸಲಿದೆ, ಕಿರುತರಂಗದ ಗೊಡವೆಯೇ ಬರುವುದಿಲ್ಲ. ಭಾರತದಲ್ಲಿ ವಿದ್ಯುತ್ ವಿತರಣೆ ಸುಧಾರಿಸಲು ತಂದ 2021ರ ಆರ್‌ಡಿಎಸ್‌ಎಸ್ ಯೋಜನೆಯಡಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿ ಇದ್ದು, ಅವು ಮೊಬೈಲ್ ಜಾಲ ಬಳಸಬೇಕೇ, 2005ರಲ್ಲಿ ಮುಕ್ತಗೊಂಡ 865 ಮೆಗಾಹರ್ಟ್ಸ್ ಪಟ್ಟಿಯ ರೇಡಿಯೊ ಬಳಸಬೇಕೇ, ತಂತಿಯನ್ನೇ ಬಳಸಬೇಕೇ ಎಂಬ ಆಯ್ಕೆ ತೆರೆದೇ ಇದೆ. ಮೊಬೈಲ್ ಸಿಗ್ನಲ್ ಸಿಗದ ಘಟ್ಟದ ಬುಡದ ಊರುಗಳಿಗೆ ತಂತಿಯ ದಾರಿಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಬ್ರಾಡ್‌ಬ್ಯಾಂಡ್ ಮಾತ್ರ ತಂತಿಯಿಂದ ಇಳಿದು ಕಂಬಕ್ಕೆ ಬಂದು ನಿಂತಿದೆ. 1885 ಮತ್ತು 1933ರ ಕಾಯಿದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಕೇಬಲ್ ಎಳೆಯಲು ಜಾಗ ಬಳಸುವ ಬಗ್ಗೆ ಅದರಡಿ ಬಂದ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಕಂಬ ಇಂದಿಗೂ ವಿದ್ಯುಚ್ಛಕ್ತಿ ಕಾಯಿದೆಯದ್ದೇ. ಅದರ 51ನೇ ಸೆಕ್ಷನ್ ಪ್ರಕಾರ ವಿತರಣಾ ಕಂಪನಿ ಆಯೋಗಕ್ಕೆ ಮೊದಲೇ ತಿಳಿಸಿ, ಪ್ರತ್ಯೇಕ ಲೆಕ್ಕ ಇಟ್ಟು, ತನ್ನ ಆಸ್ತಿಯಿಂದ ಬೇರೆ ವ್ಯವಹಾರವನ್ನೂ ನಡೆಸಬಹುದು; ಆ ಆದಾಯದ ಒಂದು ಪಾಲು ವೀಲಿಂಗ್ ಶುಲ್ಕ, ಅಂದರೆ ತಂತಿಯಲ್ಲಿ ವಿದ್ಯುತ್ ಸಾಗಿಸುವ ಶುಲ್ಕ ಇಳಿಸಲು ಹೋಗಬೇಕು. ಕಂಬಕ್ಕೆ ಕಟ್ಟಿದ ಪ್ರತಿ ಫೈಬರಿನ ಬಾಡಿಗೆಯಲ್ಲಿ ಕರೆಂಟ್ ಬಿಲ್ ಕಟ್ಟುವವನಿಗೂ ಹೀಗೆ ಒಂದು ಪಾಲಿದೆ. ಅನಧಿಕೃತ ಕೇಬಲ್ ಕತ್ತರಿಸುವ ಸುದ್ದಿಗಳ ನಡುವೆ ಅಧಿಕೃತವಾದವುಗಳಿಂದ ಬಂದ ಮೊತ್ತ ಎಷ್ಟು, ಅದು ದರದ ಲೆಕ್ಕದಲ್ಲಿ ಯಾವ ಸಾಲಿನಲ್ಲಿ ಸೇರಿದೆ ಎಂಬುದನ್ನು ಮೆಸ್ಕಾಂ ದರ ಪರಿಷ್ಕರಣೆಯ ಬಗ್ಗೆ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕನೂ ಕೇಳಬಹುದು.