ಗ್ಲೀಸನ್ ಅಂಕ: ದರ್ಜೆಯನ್ನು ಹಂತವೆಂದು ಓದುವ ತಪ್ಪು

‘ಆರನೇ ಹಂತದ ಪ್ರಾಸ್ಟೇಟ್ ಕ್ಯಾನ್ಸರ್’ ಎಂಬ ಮಾತನ್ನು ಈಚೆಗೆ ಮತ್ತೊಮ್ಮೆ ಓದಬೇಕಾಗಿ ಬಂತು. ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಆರನೇ ಹಂತವೆಂಬುದು ಇಲ್ಲ, ಇರುವುದು ನಾಲ್ಕೇ. ಬರೆದವರ ಕಣ್ಣಿಗೆ ಬಿದ್ದಿದ್ದು ಬಯಾಪ್ಸಿ ವರದಿಯಲ್ಲಿರುವ ‘ಗ್ಲೀಸನ್ 3+3=6’ ಎಂಬ ಸಾಲು ಎನ್ನುವುದರಲ್ಲಿ ಅನುಮಾನವಿಲ್ಲ. ಇವತ್ತಿನ ವರದಿಗಳಲ್ಲಿ ಪೆಥಾಲಜಿಸ್ಟರು (ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ವೈದ್ಯರು) ಕೊಡುವ ಅತ್ಯಂತ ಸೌಮ್ಯವಾದ ಅಂಕ ಅದು. ಅದನ್ನು ನಾಲ್ಕನೇ ಹಂತವನ್ನೂ ಮೀರಿದ ಸ್ಥಿತಿ ಎಂದು ತಿಳಿದುಕೊಂಡ ರೋಗಿ, ಅವಸರದ ಅಗತ್ಯವೇ ಇಲ್ಲದ ಕಡೆ, ವಾರದೊಳಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ಹಟ ಹಿಡಿಯುವುದು ಸಹಜ. ಒಂದು ಪದದ ತಪ್ಪು ಬಳಕೆಯಿಂದ ಇಷ್ಟು ದೊಡ್ಡ ನಿರ್ಧಾರ ಹಾದಿ ತಪ್ಪಬಾರದು ಎಂಬ ಕಾರಣಕ್ಕೆ ಈ ಟಿಪ್ಪಣಿ.

2025ರ ಮೇ ತಿಂಗಳಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರ ಕಾಯಿಲೆಯ ಬಗ್ಗೆ ಹೊರಬಿದ್ದ ಹೇಳಿಕೆಯಲ್ಲಿ ಮೂರು ವಿವರಗಳಿದ್ದವು: ಗ್ಲೀಸನ್ ಅಂಕ 9, ದರ್ಜೆ ಗುಂಪು 5, ಮೂಳೆಗೆ ಹರಡಿದೆ. ಇವುಗಳಲ್ಲಿ ಮೊದಲ ಎರಡು ಒಂದೇ ಸಂಗತಿಯನ್ನು, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಎಂಬುದನ್ನು, ಎರಡು ಬಗೆಯಲ್ಲಿ ಹೇಳುತ್ತವೆ. ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು, ಅಂದರೆ ಹಂತವನ್ನು, ತಿಳಿಸುವುದು ಮೂರನೆಯದು ಮಾತ್ರ. ಹಾಗಿದ್ದರೂ ‘ಗುಂಪು 5’ ಎಂಬುದನ್ನು ‘ಐದನೇ ಹಂತ’ ಎಂದು ಓದಿಕೊಂಡವರು ಕಡಿಮೆಯೇನಲ್ಲ.

ಗೊಂದಲಕ್ಕೆ ಪದಗಳ ಹುಟ್ಟಿನಲ್ಲಿಯೇ ಸ್ವಲ್ಪ ಕಾರಣವಿದೆ. ಇಂಗ್ಲಿಷಿನ ‘ಗ್ರೇಡ್’ ಬಂದದ್ದು ಲ್ಯಾಟಿನ್ನಿನ ‘ಗ್ರಾಡುಸ್’ನಿಂದ, ಅದರ ಅರ್ಥ ಹೆಜ್ಜೆ, ಮೆಟ್ಟಿಲು. ನಾವು ಅದಕ್ಕೆ ಬಳಸುವ ‘ದರ್ಜೆ’ ಅರಬ್ಬಿ ಮೂಲದ್ದು. ‘ದರಜ’ ಎಂದರೂ ಮೆಟ್ಟಿಲೇ. ‘ಸ್ಟೇಜ್’ ಪದ ಲ್ಯಾಟಿನ್ನಿನ ‘ನಿಲ್ಲು’ ಎಂಬರ್ಥದ ಧಾತುವಿನಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಅದು ನಿಂತ ಜಾಗವನ್ನು, ತಂಗುವ ಜಾಗವನ್ನು ಸೂಚಿಸುತ್ತಿತ್ತು. ಅದಕ್ಕೆ ನಾವು ಇಟ್ಟುಕೊಂಡಿರುವ ‘ಹಂತ’ಕ್ಕೆ ಕನ್ನಡದಲ್ಲಿ ಮೆಟ್ಟಿಲೆಂಬ ಅರ್ಥವೂ ಇದೆ. ಹೀಗೆ ಎರಡೂ ಮೆಟ್ಟಿಲೇ ಆದಾಗ ಅನುವಾದಿಸುವವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ಆದರೆ ವೈದ್ಯಕೀಯದಲ್ಲಿ ಎರಡಕ್ಕೂ ನಿಗದಿಯಾದ ಕೆಲಸಗಳಿವೆ. ದರ್ಜೆ ತಿಳಿಸುವುದು ಕ್ಯಾನ್ಸರಿನ ಸ್ವಭಾವವನ್ನು, ಅದನ್ನು ನೋಡುವುದು ಸೂಕ್ಷ್ಮದರ್ಶಕದಡಿಯಲ್ಲಿ. ಹಂತ ತಿಳಿಸುವುದು ಕ್ಯಾನ್ಸರಿನ ವ್ಯಾಪ್ತಿಯನ್ನು. ಗುದದ್ವಾರದ ಮೂಲಕ ವೈದ್ಯರು ಮಾಡುವ ಬೆರಳಿನ ತಪಾಸಣೆ, ಎಂಆರ್‌ಐ, ಮೂಳೆಯ ಸ್ಕ್ಯಾನ್, ಪೆಟ್ ಸ್ಕ್ಯಾನ್ ಮೊದಲಾದವುಗಳಿಂದ ಅದು ತಿಳಿಯುತ್ತದೆ. ‘ದರ್ಜೆ’ ಎಂಬ ಪದಕ್ಕೆ ಇನ್ನೊಂದು ತೊಡಕೂ ಇದೆ. ನಮ್ಮ ಬಳಕೆಯಲ್ಲಿ ಪ್ರಥಮ ದರ್ಜೆಯೆಂದರೆ ಎಲ್ಲಕ್ಕಿಂತ ಮೇಲಿನದು, ಸಂಖ್ಯೆ ಏರಿದಂತೆ ಗುಣ ಇಳಿಯುತ್ತದೆ. ಕ್ಯಾನ್ಸರಿನಲ್ಲಿ ಏರುವುದು ಗುಣವಲ್ಲ, ಉಗ್ರತೆ.

ಇನ್ನು ‘ಗ್ಲೀಸನ್’. ಡೊನಾಲ್ಡ್ ಗ್ಲೀಸನ್ ಅಮೆರಿಕದ ಮಿನಿಯಾಪೊಲಿಸ್ ನಗರದ ಮಾಜಿ ಯೋಧರ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟರಾಗಿದ್ದರು. ತಮ್ಮ ವರ್ಗೀಕರಣವನ್ನು ಅವರು ಪ್ರಕಟಿಸಿದ್ದು 1966ರಲ್ಲಿ; ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆಗಾಗಿ ಚಾರ್ಲ್ಸ್ ಹಗಿನ್ಸ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಆ ಕಾಲದಲ್ಲಿ ಹೆಚ್ಚಿನ ಪೆಥಾಲಜಿಸ್ಟರು ಜೀವಕೋಶದ ಕೇಂದ್ರ ಎಷ್ಟು ವಿಕಾರವಾಗಿದೆ ಎಂಬುದನ್ನು ನೋಡುತ್ತಿದ್ದರು. ಗ್ಲೀಸನ್ ಅದನ್ನು ಬದಿಗಿಟ್ಟು, ಕಡಿಮೆ ವರ್ಧನೆಯಲ್ಲಿ ಕಾಣುವ, ಪ್ರಾಸ್ಟೇಟಿನೊಳಗಿನ ಕಿರುಗ್ರಂಥಿಗಳ ವಿನ್ಯಾಸವನ್ನಷ್ಟೇ ನೋಡಿ ಐದು ಮಾದರಿಗಳನ್ನು ಗುರುತಿಸಿದರು, ಅವುಗಳ ಚಿತ್ರವನ್ನೂ ತಾವೇ ಬರೆದರು. ಮೂರನೆಯ ಮಾದರಿಯಲ್ಲಿ ಗ್ರಂಥಿಗಳು ಚಿಕ್ಕವಾಗಿ, ವಕ್ರವಾಗಿ ಇದ್ದರೂ ಒಂದೊಂದೂ ಬಿಡಿಯಾಗಿರುತ್ತದೆ, ಪ್ರತಿಯೊಂದಕ್ಕೂ ತನ್ನದೇ ಪೊಳ್ಳು ಇರುತ್ತದೆ. ನಾಲ್ಕನೆಯದರಲ್ಲಿ ಅವು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಇಲ್ಲವೇ ಅರೆಬರೆ ರೂಪುಗೊಂಡಿರುತ್ತವೆ, ಇಲ್ಲವೇ ಜರಡಿಯಂತೆ ತೂತುತೂತಾದ ಹಾಳೆಯಾಗಿರುತ್ತವೆ. ಐದನೆಯದರಲ್ಲಿ ಗ್ರಂಥಿ ಎಂಬ ಆಕಾರವೇ ಉಳಿದಿರುವುದಿಲ್ಲ. ಕೋಶಗಳು ಸಾಲಾಗಿ, ಗುಂಪಾಗಿ, ಒಂಟಿಯಾಗಿ ಚದುರಿರುತ್ತವೆ.

ಒಂದೇ ಪ್ರಾಸ್ಟೇಟಿನಲ್ಲಿ ಎರಡು ಮಾದರಿಗಳು ಒಟ್ಟಿಗೆ ಇರುವುದು ಅಪರೂಪವಲ್ಲ. ಅಂಥ ರೋಗಿಗಳ ಸಾವಿನ ಪ್ರಮಾಣ ಎರಡೂ ಮಾದರಿಗಳ ನಡುವೆ ಬೀಳುತ್ತದೆ ಎಂಬುದನ್ನು ಗ್ಲೀಸನ್ ಕಂಡರು. ಆದ್ದರಿಂದಲೇ ಅವರು ಹೆಚ್ಚು ಜಾಗ ಆವರಿಸಿದ ಮಾದರಿಯ ಸಂಖ್ಯೆಯನ್ನೂ ಅದರ ನಂತರದ್ದನ್ನೂ ಕೂಡಿಸಿದರು. ಒಂದೇ ಮಾದರಿ ಇದ್ದರೆ ಅದನ್ನೇ ಎರಡು ಸಲ ಎಣಿಸುವುದು. ಹೀಗಾಗಿ ಮೊತ್ತ 2ರಿಂದ 10ರವರೆಗೆ ಇರಬಹುದಿತ್ತು. ಇಂದು ಬಯಾಪ್ಸಿಯಲ್ಲಿ ಎರಡನೆಯ ಸಂಖ್ಯೆಗೆ ಉಳಿದವುಗಳಲ್ಲಿ ಅತ್ಯಂತ ಉಗ್ರವಾದ ಮಾದರಿಯನ್ನು, ಅದು ತುಸುವೇ ಇದ್ದರೂ, ತೆಗೆದುಕೊಳ್ಳುತ್ತಾರೆ.

ಇಲ್ಲಿಯೇ ನನಗೆ ಅತಿ ಹೆಚ್ಚು ಬೇಸರ ತರಿಸುವ ತಪ್ಪು ನುಸುಳುತ್ತದೆ. ‘ಅಂಕ’ ಎಂದೊಡನೆ ಓದುಗರು ಪರೀಕ್ಷೆಯ ಲೆಕ್ಕಕ್ಕೆ ಹೋಗಿ, ಹತ್ತಕ್ಕೆ ಆರು ಎಂದರೆ ಅರ್ಧಕ್ಕಿಂತ ಮೇಲೆ, ಅಂದರೆ ಕಾಯಿಲೆ ಅರ್ಧದಾರಿ ದಾಟಿದೆ ಎಂದು ಭಾವಿಸುತ್ತಾರೆ. ಇದು ಪೂರ್ತಿ ತಪ್ಪು. ಮೂತ್ರಾಂಗ ಪೆಥಾಲಜಿಸ್ಟರ ಅಂತರರಾಷ್ಟ್ರೀಯ ಸಂಘ 2005ರಲ್ಲಿ ಒಪ್ಪಿಕೊಂಡ ಪರಿಷ್ಕರಣೆಯ ನಂತರ, ಸೂಜಿ ಬಯಾಪ್ಸಿಯಲ್ಲಿ ಒಂದನೆಯ ಮತ್ತು ಎರಡನೆಯ ಮಾದರಿಗಳನ್ನು ಕೊಡುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಕಾಗದದ ಮೇಲೆ ಅಳತೆ 2ರಿಂದ 10ರವರೆಗಿದ್ದರೂ ಬಳಕೆಯಲ್ಲಿರುವುದು 6ರಿಂದ 10ರವರೆಗೆ. ಆರು ಎಂದರೆ ಏಣಿಯ ನಡುವಲ್ಲ, ನೆಲಕ್ಕೆ ತಾಗಿದ ಕೊನೆ. ಅಪ್ಪಟ 3+3 ಪ್ರಾಸ್ಟೇಟ್ ಬಿಟ್ಟು ಬೇರೆ ಅಂಗಗಳಿಗೆ ಹರಡುವುದು ಅತಿ ವಿರಳ. ಎಷ್ಟು ವಿರಳವೆಂದರೆ, ಅದನ್ನು ಕ್ಯಾನ್ಸರ್ ಎಂದು ಕರೆಯಬೇಕೇ ಎಂಬ ಚರ್ಚೆಯೇ ತಜ್ಞರ ನಡುವೆ ನಡೆದಿದೆ. ಅದೇ ಪರಿಷ್ಕರಣೆಯಿಂದ, ಮತ್ತು 2014ರ ಇನ್ನೊಂದರಿಂದ, ಹಿಂದೆ ಮೂರನೆಯ ಮಾದರಿ ಎನಿಸಿಕೊಂಡಿದ್ದ ಕೆಲವು ವಿನ್ಯಾಸಗಳು ನಾಲ್ಕನೆಯದಕ್ಕೆ ಸೇರಿದವು. ಆದ್ದರಿಂದ 1990ರ ದಶಕದಲ್ಲಿ ತಂದೆಗೆ ಬಂದಿದ್ದ ‘6’ನ್ನೂ ಇಂದು ಮಗನಿಗೆ ಬಂದಿರುವ ‘6’ನ್ನೂ ಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಮುಖ್ಯ ತಪ್ಪು ‘ಗ್ಲೀಸನ್ 7’ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದು. ಏಳು ಎರಡು ಬಗೆ: 3+4 ಮತ್ತು 4+3. ಕೂಡಿಸಿದರೆ ಒಂದೇ, ಆದರೆ ಮೊದಲನೆಯದರಲ್ಲಿ ಸೌಮ್ಯವಾದದ್ದು ಹೆಚ್ಚು, ಎರಡನೆಯದರಲ್ಲಿ ಉಗ್ರವಾದದ್ದು ಹೆಚ್ಚು. ಮೊತ್ತ ಅಡಗಿಸಿಟ್ಟಿದ್ದ ಈ ವ್ಯತ್ಯಾಸವನ್ನು ಎದುರಿಗೆ ತರಲೆಂದೇ ಐದು ದರ್ಜೆ ಗುಂಪುಗಳ ಪದ್ಧತಿ ಬಂದದ್ದು. ಅದನ್ನು 2013ರಲ್ಲಿ ಮುಂದಿಟ್ಟದ್ದು ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ತಂಡ, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಸೇರಿದ್ದು 2016ರಲ್ಲಿ. ಗ್ಲೀಸನ್ 6 ಗುಂಪು 1. 3+4 ಗುಂಪು 2. 4+3 ಗುಂಪು 3. 8 ಗುಂಪು 4. 9 ಮತ್ತು 10 ಗುಂಪು 5. ಪ್ರಾಸ್ಟೇಟ್ ತೆಗೆಸಿಕೊಂಡ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುರುಷರ ದಾಖಲೆಗಳನ್ನು ಪರಿಶೀಲಿಸಿದಾಗ, ಐದು ವರ್ಷಗಳ ತನಕ ಪಿಎಸ್‌ಎ (ಪ್ರಾಸ್ಟೇಟ್ ಸ್ರವಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಮತ್ತೆ ಏರದೆ ಇದ್ದವರ ಪ್ರಮಾಣ ಗುಂಪು 1ರಿಂದ 5ರವರೆಗೆ ಕ್ರಮವಾಗಿ ಶೇ 96, 88, 63, 48 ಮತ್ತು 26 ಎಂದು ಕಂಡುಬಂತು. ಎರಡು ‘ಏಳು’ಗಳ ನಡುವಿನ ಅಂತರವನ್ನು, 88 ಮತ್ತು 63ನ್ನು, ಒಮ್ಮೆ ನೋಡಿದವರು ಇನ್ನು ಬರಿಯ ‘ಏಳು’ ಎಂದು ಬರೆಯಬಾರದು, ಬರಿಯ ‘ಏಳು’ ಎಂದು ಕೇಳಿಸಿಕೊಂಡು ಸುಮ್ಮನಾಗಲೂಬಾರದು.

ಹಂತದ ಕಡೆಯ ಲೆಕ್ಕ ಬೇರೆ, ಅದನ್ನು ಟಿ (ಗೆಡ್ಡೆ), ಎನ್ (ದುಗ್ಧರಸ ಗ್ರಂಥಿ), ಎಂ (ದೂರದ ಹರಡುವಿಕೆ) ಎಂಬ ಗುರುತುಗಳಲ್ಲಿ ಬರೆಯುತ್ತಾರೆ. ಗೆಡ್ಡೆ ಪ್ರಾಸ್ಟೇಟಿನೊಳಗೇ ಇದ್ದರೆ ಟಿ1 ಅಥವಾ ಟಿ2, ಕವಚ ದಾಟಿದರೆ ಅಥವಾ ವೀರ್ಯಕೋಶಕ್ಕೆ ತಲುಪಿದರೆ ಟಿ3, ಮೂತ್ರಕೋಶ, ಗುದನಾಳದಂಥ ನೆರೆಯ ಅಂಗಗಳನ್ನು ಹೊಕ್ಕರೆ ಟಿ4. ಹತ್ತಿರದ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋದರೆ ಎನ್1, ಮೂಳೆ ಮೊದಲಾದ ದೂರದ ಜಾಗಗಳಿಗೆ ಹೋದರೆ ಎಂ1. ಗ್ಲೀಸನ್ 9 ಇದ್ದೂ ಕಾಯಿಲೆ ಗ್ರಂಥಿಯೊಳಗೇ ಇರಬಹುದು. ನಿಖರತೆಗಾಗಿ ಒಂದು ಮಾತನ್ನು ಸೇರಿಸಬೇಕು: ಒಂದರಿಂದ ನಾಲ್ಕರವರೆಗಿನ ಒಟ್ಟು ಹಂತವನ್ನು ನಿರ್ಧರಿಸುವ ಈಗಿನ ಅಮೆರಿಕನ್ ಪದ್ಧತಿಯಲ್ಲಿ ಪಿಎಸ್‌ಎ ಮತ್ತು ದರ್ಜೆ ಗುಂಪುಗಳೂ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಗುಂಪು 5ರ ಕಾಯಿಲೆ ಎಲ್ಲಿಯೂ ಹರಡದಿದ್ದರೂ ಮೂರನೇ ಹಂತದಲ್ಲಿ ಎಣಿಕೆಯಾಗುತ್ತದೆ. ದರ್ಜೆಯು ಹಂತವನ್ನು ನಿರ್ಧರಿಸುವ ಅಂಶಗಳಲ್ಲಿ ಒಂದಾಗಬಹುದು ಎಂದಷ್ಟೇ ಇದರ ಅರ್ಥ. ಎರಡೂ ಒಂದೇ ಎಂದಲ್ಲ.

ಚಿಕಿತ್ಸೆಯನ್ನು ತೂಗಿ ನೋಡುವಾಗ ವೈದ್ಯರು ದರ್ಜೆ, ಹಂತ, ಪಿಎಸ್‌ಎ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಅಪಾಯದ ಮಟ್ಟವನ್ನು ಹೇಳುತ್ತಾರೆ. ರೋಗಿಯ ವಯಸ್ಸು, ಇತರ ಕಾಯಿಲೆಗಳು, ಆತನ ಆದ್ಯತೆಗಳು ಅದರ ಮೇಲೆ ಬರುತ್ತವೆ. ಗುಂಪು 1, ಪಿಎಸ್‌ಎ 10ಕ್ಕಿಂತ ಕಡಿಮೆ, ಬೆರಳಿಗೆ ಸಿಗದ ಅಥವಾ ತೀರ ಚಿಕ್ಕ ಗೆಡ್ಡೆ ಎಂದಾದರೆ ಅದು ಕಡಿಮೆ ಅಪಾಯ, ಅಲ್ಲಿ ಸಾಮಾನ್ಯವಾಗಿ ಮೊದಲು ಸೂಚಿಸುವುದು ಸಕ್ರಿಯ ನಿಗಾ. ನಿಗಾ ಎಂದರೆ ಕೈಬಿಟ್ಟರು ಎಂದಲ್ಲ. ನಿಯಮಿತವಾಗಿ ಪಿಎಸ್‌ಎ, ಆಗಾಗ ಎಂಆರ್‌ಐ, ಅಗತ್ಯವಿದ್ದಂತೆ ಮತ್ತೆ ಬಯಾಪ್ಸಿ ಮಾಡುತ್ತಾ, ದರ್ಜೆ ಏರಿದ್ದು ಕಂಡರೆ ಗುಣಪಡಿಸುವ ಚಿಕಿತ್ಸೆಗೆ ಹೊರಳುವ ಕ್ರಮ ಅದು. ವಯಸ್ಸು ಮಾಗಿದವರಲ್ಲಿ, ಬೇರೆ ಗಂಭೀರ ಕಾಯಿಲೆ ಇರುವವರಲ್ಲಿ, ತೊಂದರೆ ಕಾಣಿಸಿಕೊಂಡಾಗ ಮಾತ್ರ ಅದನ್ನು ಶಮನಗೊಳಿಸುವ ‘ಕಾದು ನೋಡುವ’ ಕ್ರಮ ಬೇರೆಯೇ. ಮಧ್ಯಮ ಅಪಾಯದಲ್ಲಿ ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಂಬ ಪ್ರಶ್ನೆ ಏಳುತ್ತದೆ. 3+4ರಲ್ಲಿ ನಾಲ್ಕನೆಯ ಮಾದರಿ ಅತ್ಯಲ್ಪವಿದ್ದವರಲ್ಲಿ ಕೆಲವರಿಗೆ ಅಲ್ಲಿಯೂ ನಿಗಾ ಸಾಕಾಗಬಹುದು. ಹೆಚ್ಚಿನ ಅಪಾಯದಲ್ಲಿ ವಿಕಿರಣವನ್ನು ಆರಿಸಿಕೊಂಡರೆ ಅದರ ಜೊತೆ ದೀರ್ಘ ಕಾಲದ ಹಾರ್ಮೋನ್ ಚಿಕಿತ್ಸೆ ಸೇರುತ್ತದೆ.

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನವನ್ನು ಇಲ್ಲಿ ಹೇಳದೆ ಇರಲಾಗದು. ಪಿಎಸ್‌ಎ ಪರೀಕ್ಷೆಯಿಂದ ಪತ್ತೆಯಾದ, ಗ್ರಂಥಿಗೆ ಸೀಮಿತವಾದ, ಬಹುಪಾಲು ಗ್ಲೀಸನ್ 6ರ ಕಾಯಿಲೆಯಿದ್ದ 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಲಾಯಿತು. ಸುಮಾರು 15 ವರ್ಷಗಳ ನಂತರದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಕ್ರಮವಾಗಿ ಶೇ 3.1, 2.2 ಮತ್ತು 2.9, ಈ ವ್ಯತ್ಯಾಸ ಆಕಸ್ಮಿಕದ ಮಿತಿಯೊಳಗಿನದು. ಆದರೆ ಕಾಯಿಲೆ ದೂರಕ್ಕೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ 9.4, ಉಳಿದೆರಡರಲ್ಲಿ ಶೇ 5ರ ಆಸುಪಾಸು. ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದೂ ಇದೆ: ಚಿಕಿತ್ಸೆಯಾದ ಆರು ತಿಂಗಳಿಗೆ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 46, ವಿಕಿರಣದ ಗುಂಪಿನಲ್ಲಿ ಶೇ 5, ನಿಗಾದಲ್ಲಿ ಶೇ 4, ಸಂಭೋಗಕ್ಕೆ ಸಾಕಾಗುವ ನಿಮಿರುವಿಕೆ ಉಳಿದಿದ್ದವರು ಅದೇ ಕ್ರಮದಲ್ಲಿ ಶೇ 12, 22 ಮತ್ತು 52. ಈ ಅಂಕಿಗಳನ್ನು ‘ನಿಗಾ ಸಾಕು’ ಎಂದೋ ‘ಆಪರೇಷನ್ನೇ ಸರಿ’ ಎಂದೋ ಒಂದೇ ಮಾತಿಗೆ ಇಳಿಸುವವರು ಬಿಟ್ಟುಬಿಡುವುದು ದರ್ಜೆಯನ್ನೇ. ಇವು ಬಹುಪಾಲು ದರ್ಜೆ ಗುಂಪು 1ರವರ ಕಥೆ. ಗುಂಪು 4ರ ವರದಿ ಹಿಡಿದವರಿಗೆ ಇದನ್ನು ಧೈರ್ಯವಾಗಿ ಕೊಡುವುದು ಅನ್ಯಾಯ.

ವರದಿ ಕೈಗೆ ಬಂದಾಗ ಮೊತ್ತದ ಬದಲು ಎರಡೂ ಸಂಖ್ಯೆಗಳನ್ನು, ಎಷ್ಟು ತುಣುಕುಗಳಲ್ಲಿ ಕ್ಯಾನ್ಸರ್ ಇದೆ ಎಂಬುದನ್ನು, ನಾಲ್ಕನೆಯ ಮಾದರಿ ಶೇಕಡ ಎಷ್ಟು ಎಂಬುದನ್ನು, ಜರಡಿಯಂಥ ವಿನ್ಯಾಸ ಕಂಡಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಬಯಾಪ್ಸಿಯಲ್ಲಿ ಸಿಗುವುದು ಸಾಮಾನ್ಯವಾಗಿ ಹತ್ತು ಹನ್ನೆರಡು ತೆಳು ತುಣುಕುಗಳು ಮಾತ್ರ, ಹಾಗಾಗಿ ಗ್ರಂಥಿಯನ್ನು ಇಡಿಯಾಗಿ ತೆಗೆದು ನೋಡಿದಾಗ ದರ್ಜೆ ಏರುವುದೂ ಇಳಿಯುವುದೂ ಉಂಟು. ಮಾದರಿ ಮೂರೋ ನಾಲ್ಕೋ ಎಂಬುದರಲ್ಲಿ ಇಬ್ಬರು ಅನುಭವಿ ಪೆಥಾಲಜಿಸ್ಟರು ಬೇರೆಬೇರೆ ಅಭಿಪ್ರಾಯ ಕೊಡಬಹುದು. ಅದೇ ಸ್ಲೈಡುಗಳನ್ನು ಇನ್ನೊಬ್ಬರಿಗೆ ತೋರಿಸಲು ಕೇಳುವುದು ಮೊದಲನೆಯವರಿಗೆ ಮಾಡಿದ ಅವಮಾನವಲ್ಲ.

‘ಚಿಕಿತ್ಸೆಯ ನಂತರ ಗ್ಲೀಸನ್ 8ರಿಂದ 6ಕ್ಕೆ ಇಳಿಯಿತು’ ಎಂಬ ಮಾತೂ ಆಗಾಗ ಕಿವಿಗೆ ಬೀಳುತ್ತದೆ. ಗ್ಲೀಸನ್ ಚಿಕಿತ್ಸೆಯಿಂದ ಇಳಿಯುವ ಬಾಬತ್ತಲ್ಲ. ಹಾರ್ಮೋನ್ ಚಿಕಿತ್ಸೆಯ ಪರಿಣಾಮಕ್ಕೆ ಒಳಗಾದ ಅಂಗಾಂಶದಲ್ಲಿ ಗ್ರಂಥಿಗಳ ಆಕಾರ ಕುಗ್ಗಿ ಕೆಟ್ಟಿರುವುದರಿಂದ ಪೆಥಾಲಜಿಸ್ಟರು ಅದಕ್ಕೆ ಅಂಕವನ್ನೇ ಕೊಡುವುದಿಲ್ಲ. ಚಿಕಿತ್ಸೆ ಫಲಿಸಿತೇ ಎಂಬುದಕ್ಕೆ ನೋಡಬೇಕಾದ ಸಂಖ್ಯೆ ಪಿಎಸ್‌ಎ: ಶಸ್ತ್ರಚಿಕಿತ್ಸೆಯ ನಂತರ ಅದು ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಮುಟ್ಟಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ, ಅಥವಾ ವಿಕಿರಣದ ನಂತರ ಅತಿ ಕೆಳಗೆ ಇಳಿದಿದ್ದ ಮಟ್ಟಕ್ಕಿಂತ 2ರಷ್ಟು ಏರಿದರೆ, ಕಾಯಿಲೆ ಮರಳಿದೆ ಎಂದು ಪರಿಗಣಿಸಿ ಮುಂದಿನ ತಪಾಸಣೆಗೆ ತೊಡಗುತ್ತಾರೆ.