ಕ್ರಾನಿಕ್ ಫಟೀಗ್ ಸಿಂಡ್ರೋಮ್: ‘ಬಚ್ಚೆಲು’ ಎಂದರೆ ಸಾಲದು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ದಣಿವಿನ ಹೆಸರುಗಳಿಗೆ ಬರವಿಲ್ಲ. ಕನ್ನಡದ ಆಯಾಸ, ಸುಸ್ತು, ತುಳುವಿನ ಬಚ್ಚೆಲ್, ಮಲಯಾಳದ ಕ್ಷೀಣ, ಎಲ್ಲವೂ ಒಂದೇ ಅಂಗಳದಲ್ಲಿ ಕೇಳುತ್ತವೆ. ‘ಬಚ್ಚಿತು’ ಎಂದವರಿಗೆ ಬೆಲ್ಲ-ನೀರು ಕೊಟ್ಟು, ಜಗಲಿಯಲ್ಲಿ ಸ್ವಲ್ಪ ಅಡ್ಡಾಗಲು ಬಿಟ್ಟರೆ ಸಾಕು, ಎದ್ದು ತೋಟಕ್ಕೆ ಹೋಗುತ್ತಾರೆ. ಇನ್ನೊಂದು ಪದವೂ ಇದೆ, ಉದಾಸೀನ. ಘಟ್ಟದ ಮೇಲಿನವರಿಗೆ ಅದು ಅಲಕ್ಷ್ಯ, ನಮಗೆ ಸೋಮಾರಿತನ. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದ ನಿಶ್ಯಕ್ತಿಯ ಕಾಯಿಲೆ, ಬಂದವರು ಈ ಎರಡು ಪದಗಳ ನಡುವೆ ಸಿಕ್ಕಿಬೀಳುತ್ತಾರೆ. ಮೊದಲು ಬಚ್ಚೆಲು ಅನ್ನುತ್ತಾರೆ, ಆರು ತಿಂಗಳು ಕಳೆದರೆ ಉದಾಸೀನ ಅನ್ನುತ್ತಾರೆ.

ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು ಹಾಗೆಯೇ. ಒಂದು ಜ್ವರ ಬಂದು ಹೋದ ಮೇಲೆ ಅಕ್ಕ ಮೊದಲಿನ ಹಾಗೆ ಆಗಲೇ ಇಲ್ಲ. ಒಂದು ದಿನ ಮಧ್ಯಾಹ್ನ ಮೆಟ್ಟುಕತ್ತಿಯ ಮುಂದೆ ಕುಳಿತು ಒಂದು ಬುಟ್ಟಿ ಅಡಿಕೆ ಸುಲಿದಳು, ಖುಷಿಯಿಂದಲೇ. ಮರುದಿನವೂ ಹೇಗೋ ಕಳೆಯಿತು. ಮೂರನೆಯ ದಿನ ತಲೆ ಬಾಚಲು ಕೈ ಎತ್ತಲಾಗಲಿಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಮಾತಿನ ನಡುವೆ ಪದಗಳು ತಪ್ಪಿಹೋಗುತ್ತಿದ್ದವು. ಹತ್ತು ದಿನ ಹಾಸಿಗೆ. ಆಸ್ಪತ್ರೆಯೊಂದರಲ್ಲಿ ರಕ್ತ, ಥೈರಾಯಿಡ್, ಸ್ಕ್ಯಾನ್ ಎಲ್ಲ ನೋಡಿದ ಡಾಕ್ಟರರು ಮಲಯಾಳದಲ್ಲಿ ‘ಒನ್ನುಂ ಇಲ್ಲ’ ಎಂದರು. ಏನೂ ಇಲ್ಲ, ದಿನಾ ನಡೆಯಿರಿ, ಸರಿಯಾಗುತ್ತದೆ. ಅಕ್ಕ ಹೇಳಿದ ಹಾಗೆಯೇ ನಡೆದಳು, ಮತ್ತೆ ಬಿದ್ದಳು.

ಮಾಡಿದ ಕೆಲಸಕ್ಕೆ ಒಂದೆರಡು ದಿನ ಬಿಟ್ಟು ದೇಹ ಬಡ್ಡಿ ಸೇರಿಸಿ ಕೀಳುವ ಈ ಕುಸಿತವೇ ಕಾಯಿಲೆಯ ಮುಖ್ಯ ಗುರುತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ವರದಿಯಲ್ಲಿ ಪತ್ತೆಗೆ ಬೇಕಾದ ಲಕ್ಷಣಗಳನ್ನು ಹೇಳಿದೆ: ಆರು ತಿಂಗಳಿಗೂ ಮೀರಿದ ತೀವ್ರ ನಿಶ್ಯಕ್ತಿ, ಶ್ರಮದ ನಂತರದ ಕುಸಿತ, ಎಷ್ಟು ಮಲಗಿದರೂ ತಣಿಯದ ನಿದ್ದೆ, ಜೊತೆಗೆ ನೆನಪು-ಗಮನದ ತೊಂದರೆ ಅಥವಾ ಎದ್ದು ನಿಂತರೆ ಹೆಚ್ಚಾಗುವ ಸಂಕಟ. ಇದೇ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲ, ಗುಣಪಡಿಸುವ ಮದ್ದೂ ಇಲ್ಲ. ಜಗಳ ಹುಟ್ಟಿದ್ದು ಅಲ್ಲೇ: ಯಂತ್ರಕ್ಕೆ ಕಾಣದ್ದನ್ನು ರೋಗಿ ಹೇಳಿದರೆ ಯಾರ ಮಾತು ನಡೆಯಬೇಕು?

ಹೆಸರಿನ ಕಥೆಯಲ್ಲೂ ಆ ಜಗಳ ಇದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಒಟ್ಟಿಗೆ ಕಾಯಿಲೆ ಬಿದ್ದು ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಅದಕ್ಕೆ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂದು ಹೆಸರಾಯಿತು. ಸ್ನಾಯುನೋವು, ಮಿದುಳು ಮತ್ತು ಮಿದುಳುಬಳ್ಳಿಯ ಉರಿಯೂತ ಎಂಬ ಅರ್ಥದಲ್ಲಿ. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಕಾಗದಗಳನ್ನು ಓದಿ ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. 1988ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರನ್ನು ಮುಂದಿಟ್ಟರು. ದಣಿವು ಯಾರಿಗೆ ಇಲ್ಲ ಎಂದು ಕೇಳುವವರಿಗೆ ಆ ಹೆಸರೇ ಬಾಗಿಲು ತೆರೆದುಕೊಟ್ಟಿತು. ಅದಕ್ಕೇ ಈಗ ಎರಡೂ ಹೆಸರು ಸೇರಿಸಿ ಎಂಇ/ಸಿಎಫ್‌ಎಸ್ ಎಂದು ಬರೆಯುವುದು.

ದೊಡ್ಡ ಜಟಾಪಟಿ ನಡೆದದ್ದು ಬ್ರಿಟನ್ನಿನ ‘ಪೇಸ್’ ಪ್ರಯೋಗದ ಸುತ್ತ. 641 ರೋಗಿಗಳ ಈ ಪ್ರಯೋಗದ ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೋಗಿಗಳು ಶ್ರಮಕ್ಕೆ ಹೆದರಿ ದೇಹವನ್ನು ಜಡ ಮಾಡಿಕೊಂಡಿದ್ದಾರೆ, ವ್ಯಾಯಾಮವನ್ನು ಮೆಲ್ಲಮೆಲ್ಲನೆ ಏರಿಸಿದರೆ ಮತ್ತು ಆಪ್ತಸಮಾಲೋಚನೆಯಿಂದ ಯೋಚನೆಯ ಕ್ರಮ ಬದಲಿಸಿದರೆ ಸುಧಾರಿಸುತ್ತಾರೆ ಎಂಬುದು ಸಂಶೋಧಕರ ತರ್ಕ. 2013ರಲ್ಲಿ, ಈ ಎರಡು ಚಿಕಿತ್ಸೆಗಳಿಂದ ನೂರಕ್ಕೆ 22 ಮಂದಿ ಚೇತರಿಸಿಕೊಂಡರು ಎಂದರು.

ರೋಗಿಗಳು ಕುಳಿತು ಲೆಕ್ಕ ನೋಡಿದರು. ದೇಹದ ಸಾಮರ್ಥ್ಯಕ್ಕೆ 100ರಲ್ಲಿ ಅಂಕ ಕೊಡುವ ಕ್ರಮವಿತ್ತು. ಪ್ರಯೋಗಕ್ಕೆ ಸೇರಲು 65 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಚೇತರಿಕೆಗೆ ಮೊದಲು ಇಟ್ಟಿದ್ದ ಗೆರೆ 85, ಆಮೇಲೆ ಅದು 60ಕ್ಕೆ ಇಳಿಯಿತು. ಅಂದರೆ 65 ಅಂಕದಿಂದ ರೋಗಿಯಾಗಿ ಒಳಗೆ ಬಂದವರು 60ಕ್ಕೆ ಕುಸಿದರೂ ಆ ಒಂದು ಅಳತೆಯಲ್ಲಿ ಗುಣವಾದವರ ಸಾಲಿನಲ್ಲೇ! ಸಂಶೋಧಕರು ತಮ್ಮ ಬದಲಾವಣೆಗೆ ಸಕಾರಣವಿದೆ ಎಂದೇ ವಾದಿಸಿದರು. ತಮಗೆ ಬೈಗುಳ, ಬೆದರಿಕೆ ಬರುತ್ತಿದೆ ಎಂದೂ ಕೆಲವರು ಹೇಳಿದರು. ಬೆದರಿಕೆ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಕೇಳಿದ್ದನ್ನೂ ಅದರ ಜೊತೆ ಕಟ್ಟಿ ಬದಿಗಿಡುವುದು ನ್ಯಾಯವಲ್ಲ. ಆಸ್ಟ್ರೇಲಿಯದ ರೋಗಿ ಅಲೆಮ್ ಮ್ಯಾಥೀಸ್ ಬ್ರಿಟನ್ನಿನ ಮಾಹಿತಿ ಹಕ್ಕಿನಡಿ ಪ್ರಯೋಗದ ಅಂಕಿಅಂಶ ಕೇಳಿದಾಗ ಸಂಶೋಧಕರ ವಿಶ್ವವಿದ್ಯಾಲಯ ಕೊಡಲಿಲ್ಲ; 2016ರಲ್ಲಿ ನ್ಯಾಯಮಂಡಳಿ ಕೊಡಿಸಿತು. ಮೊದಲಿನ ಗೆರೆಯಲ್ಲೇ ಅಳೆದಾಗ ಆ 22 ಎಂಬುದು ವ್ಯಾಯಾಮದ ಗುಂಪಿನಲ್ಲಿ 4ಕ್ಕೆ, ಸಮಾಲೋಚನೆಯ ಗುಂಪಿನಲ್ಲಿ 7ಕ್ಕೆ ಇಳಿಯಿತು.

ಇದು ನಮ್ಮೂರಿನವರಿಗೆ ತೀರಾ ಹೊಸ ಅನುಭವವಲ್ಲ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದಲ್ಲಿ ಎಣ್ಮಕಜೆಯ ತಾಯಂದಿರು ಕಂಡದ್ದು ಒಂದು, ಕೆಲವು ವರದಿಗಳು ಹೇಳಿದ್ದು ಇನ್ನೊಂದು. ಅದು ವಿಷದ ವಿಚಾರ, ಈ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನೋವು ತಿಂದವರನ್ನೇ ಸಾಕ್ಷಿ ಕೇಳುವ ಆ ಸ್ವರ ಇಲ್ಲಿ ಬಹಳ ಮನೆಗಳಿಗೆ ಪರಿಚಿತ.

2007ರಲ್ಲಿ ಏರಿಕೆಯ ವ್ಯಾಯಾಮವನ್ನು ಶಿಫಾರಸು ಮಾಡಿದ್ದ ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟಿತು. ಸಮಾಲೋಚನೆ ಮನಸ್ಸಿಗೆ ಆಸರೆಯಾದೀತು, ಕಾಯಿಲೆ ವಾಸಿಮಾಡುವ ಚಿಕಿತ್ಸೆ ಅದಲ್ಲ ಎಂದಿತು. ಒಪ್ಪದ ವೈದ್ಯರು ಈಗಲೂ ಇದ್ದಾರೆ. ಮಾರ್ಗಸೂಚಿ ಹೇಳುವುದು ಇದ್ದ ಶಕ್ತಿಯನ್ನು ಅಳೆದು ಖರ್ಚು ಮಾಡುವುದನ್ನು. ರೋಗಿಗಳು ಅದನ್ನು ಪೇಸಿಂಗ್ ಎನ್ನುತ್ತಾರೆ. ನಮ್ಮಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಕಷ್ಟವೇನೆಂದರೆ ಇಲ್ಲಿ ಹಾಸಿಗೆಯ ಉದ್ದ ದಿನಕ್ಕೊಂದು.

ಅಕ್ಕ ಈಗ ಅಡಿಕೆ ಸುಲಿಯಲು ಕುಳಿತರೆ ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಡುತ್ತಾಳೆ. ಅದು ಬಡಿದಾಗ ಬಚ್ಚಿರುವುದಿಲ್ಲ, ಇನ್ನೂ ಸುಲಿಯಬಹುದು ಅನಿಸುತ್ತಿರುತ್ತದೆ. ಆದರೂ ಅರ್ಧ ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿ, ಅಲ್ಲೇ ಚಾಪೆ ಬಿಡಿಸಿ ಮಲಗುತ್ತಾಳೆ.